ಚುಕ್ಕೆ ಜಿಂಕೆಗಳಿಗೆ ಬಿಟ್ಟ ನೆರಳು

ಅಣ್ಣ ಹನ್ನೊಂದು ವರ್ಷ ಅರಬ್ಬರ ದೇಶದಲ್ಲಿ, ಜಹ್ರಾ ಎಂಬ ಊರಿನ ಆಚೆ ಒಂದು ತೋಟದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸ ಮಾಡಿದ. ತೋಟವೆಂದರೆ ಗೋಡೆ ಹಾಕಿದ ಮರಳು, ಒಂದಷ್ಟು ಖರ್ಜೂರದ ಮರ, ಅಣ್ಣನಿಗೆ ವೀಸಾ ಕೊಟ್ಟ ಯಜಮಾನ, ಅಂದರೆ ಕಫೀಲ, ಶೋಕಿಗೆ ಸಾಕಿದ ರೀಮ್‌ಗಳು. ರೀಮ್ ಆ ಮರುಭೂಮಿಯದೇ ಜಿಂಕೆ. ಆಡಿನಷ್ಟು ಎತ್ತರ, ಮರಳಿನ ಬಣ್ಣ. ನಾನು ಪೇಟೆಯ ಕಡೆ, ಶರ್ಕ್‌ನ ಒಂದು ಆಫೀಸಿನಲ್ಲಿದ್ದೆ. ಶುಕ್ರವಾರ ರಜೆ, ಬಸ್ಸು ಹಿಡಿದು ಅವನಲ್ಲಿಗೆ ಹೋಗುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಯಾರೋ ಕಫೀಲನಿಗೆ ಆರು ಚುಕ್ಕೆ ಜಿಂಕೆಗಳನ್ನು ಉಡುಗೊರೆ ಕೊಟ್ಟರು. ಅಣ್ಣ ನೆಂಟರು ಬಂದಷ್ಟು ಖುಷಿಯಲ್ಲಿ ಫೋನು ಮಾಡಿದ.

"ನಮ್ಮ ಊರಿನದ್ದು ಮಾರಾಯ. ಘಾಟಿಯಲ್ಲಿ ಬಸ್ಸಿಗೆ ಅಡ್ಡ ಬರ್ತದಲ್ಲ, ಅದೇ."

ಅವುಗಳೊಡನೆ ಅವನು ತುಳುವಿನಲ್ಲೇ ಮಾತಾಡುತ್ತಿದ್ದ. ಅವುಗಳಿಗೆ ಕೊಟ್ಟ ಜಾಗದಲ್ಲಿ ನೆರಳು ಸಾಲದು ಎಂದು, ಯಾರನ್ನೂ ಕೇಳದೆ ನಡುವಿನ ತಂತಿ ಬೇಲಿ ಕತ್ತರಿಸಿ, ರೀಮ್‌ಗಳ ಚಪ್ಪರದ ಕಡೆಗೆ ದಾರಿ ಮಾಡಿಕೊಟ್ಟ.

"ಊರಿಂದ ಬಂದದ್ದು, ಪಾಪ. ಈ ಬಿಸಿಲು ತಡೀಲಿಕ್ಕುಂಟಾ?" ಎಂದ.

ಜೊತೆಗಿದ್ದ ಬಾಂಗ್ಲಾದ ಕೆಲಸಗಾರ ನಕ್ಕ. "ಭಾಯಿ, ನಿನ್ನ ಊರಿನವರು ಬಂದ್ರು. ಇನ್ನು ನಮ್ಮದೆಲ್ಲ ಖಲಾಸ್."

ಚಳಿಗಾಲದ ಹೊತ್ತಿಗೆ ಚುಕ್ಕೆ ಜಿಂಕೆಗಳು ಚಪ್ಪರವನ್ನೂ ಮೇವಿನ ತೊಟ್ಟಿಯನ್ನೂ ತಮ್ಮದು ಮಾಡಿಕೊಂಡಿದ್ದವು. ಜಗಳವೇನೂ ಇರಲಿಲ್ಲ. ಮೈ ದೊಡ್ಡದು, ಮೊದಲು ಬಂದು ತಿನ್ನುತ್ತಿದ್ದವು, ಅಷ್ಟೆ. ರೀಮ್‌ಗಳು ದೂರದ ಗೋಡೆಗೆ ಒತ್ತಿ ನಿಂತು, ಅವು ಎದ್ದುಹೋದ ಮೇಲೆ ಉಳಿದ ಕಡ್ಡಿ ನೆಕ್ಕುತ್ತಿದ್ದವು. ಮುಂದಿನ ವಸಂತದಲ್ಲಿ ಹುಟ್ಟಿದ ನಾಲ್ಕು ರೀಮ್ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ತಾಯಂದಿರಿಗೆ ಹಾಲೇ ಇರಲಿಲ್ಲ. ಅಣ್ಣ ಬೇಲಿಯನ್ನು ಮತ್ತೆ ಕಟ್ಟಿದ. ದಾರಿ ಕಂಡಿದ್ದ ಚುಕ್ಕೆ ಜಿಂಕೆಗಳು ಅದನ್ನು ಹಾರಿ ಬಂದವು.

"ಇವನ್ನು ಇಲ್ಲಿಂದ ಕಳಿಸದೆ ಆಗುವುದಿಲ್ಲ. ಬಾಬಾನಿಗೆ ಹೇಳ್ತೇನೆ," ಎಂದ. ಕಫೀಲನನ್ನು ಅವರೆಲ್ಲ ಬಾಬಾ ಎನ್ನುತ್ತಿದ್ದರು.

"ಯಾವಾಗ ಹೇಳುವುದು?"

"ಇಕಾಮಾ ಹೊಸತಾಗಲಿ, ಬಾಬಾ ಸಹಿ ಹಾಕದಿದ್ದರೆ ಈ ದೇಶದಲ್ಲಿ ಇರ್ಲಿಕ್ಕಾಗುವುದಿಲ್ಲ. ಬೇಲಿ ಕತ್ತರಿಸಿದ್ದು ಯಾರು ಅಂತ ಕೇಳಿದರೆ ಎಂತ ಹೇಳಲಿ?"

ಇಕಾಮಾ ಹೊಸತಾಯಿತು, ಅವನು ಹೇಳಲಿಲ್ಲ. ಒಂದು ಬೆಳಿಗ್ಗೆ ಹುಲ್ಲಿನ ಕಟ್ಟು ಎತ್ತುವಾಗ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ.

ಹೆಣವನ್ನು ಊರಿಗೆ ಕಳಿಸಲು ಎಷ್ಟು ಕಡೆ ಸಹಿ ಹಾಕಿದೆನೋ ನೆನಪಿಲ್ಲ. ಅದೆಲ್ಲ ಮುಗಿದ ಮೇಲೆ ಅವನ ಬಟ್ಟೆ ತರಲು ತೋಟಕ್ಕೆ ಹೋದೆ. ರೀಮ್‌ಗಳು ಮತ್ತೆ ಗಬ್ಬವಾಗಿದ್ದವು. ಕಫೀಲ ನನ್ನನ್ನು ಕೂರಿಸಿ ತಾನೇ ಚಹಾ ಬಗ್ಗಿಸಿ ಕೊಟ್ಟ. ವಯಸ್ಸಾದ ಮನುಷ್ಯ, ಕಣ್ಣು ಒದ್ದೆಯಾಗಿತ್ತು.

"ಈ ಚುಕ್ಕೆಯವು ನಿನ್ನ ಅಣ್ಣನಿಗೆ ಮಕ್ಕಳಿದ್ದ ಹಾಗೆ," ಎಂದ. "ನಾನು ಬದುಕಿರುವವರೆಗೆ ಯಾರಿಗೂ ಕೊಡುವುದಿಲ್ಲ. ಅವನ ನೆನಪಿಗೆ ಇಲ್ಲೇ ಇರಲಿ."

ತಲೆಯಾಡಿಸಿ ಎದ್ದುಬಿಡಬಹುದಿತ್ತು. ಅಣ್ಣನ ಬಗ್ಗೆ ಒಳ್ಳೆಯ ಮಾತು ಹೇಳಿದವನು ಆ ದೇಶದಲ್ಲಿ ಅವನೊಬ್ಬನೇ. ಆದರೆ ನಾನು ಹೇಳದಿದ್ದರೆ ಆ ತಿಂಗಳು ಹುಟ್ಟಲಿದ್ದ ಮರಿಗಳೂ ಸಾಯುತ್ತಿದ್ದವು. ನನಗೆ ಬರುವ ಹರುಕು ಅರಬ್ಬಿಯಲ್ಲಿ ಎಲ್ಲ ಹೇಳಿದೆ. ಬೇಲಿ ಕತ್ತರಿಸಿದ್ದು ಅಣ್ಣ, ಮರಿಗಳು ಸತ್ತದ್ದು ಅದರಿಂದ, ಇವನ್ನು ಕಳಿಸಿಬಿಡಿ ಎಂದು ಅವನೇ ಕೇಳಬೇಕೆಂದಿದ್ದ.

ಮುದುಕ ಲೋಟ ಕೆಳಗಿಟ್ಟ.

"ನನಗೆ ಯಾಕೆ ಹೇಳಲಿಲ್ಲ?"

"ಹೆದರಿದ್ದ."

"ನನಗೆ?" ಎಂದ. ಹನ್ನೊಂದು ವರ್ಷದಲ್ಲಿ ಅದು ಅವನ ತಲೆಗೇ ಬಂದಿರಲಿಲ್ಲ. ಎದ್ದುಹೋದ. ನಾನು ಬಟ್ಟೆಯ ಚೀಲ ಹಿಡಿದು ಬಸ್ಸಿಗೆ ನಡೆದೆ.

ಮುಂದಿನ ವಾರ ಬಾಂಗ್ಲಾದವನು ಫೋನು ಮಾಡಿದ. ಲಾರಿ ಬಂದು ಆರನ್ನೂ ಒಯ್ದಿತಂತೆ. ಬಾಬಾ ಈಗ ಅಣ್ಣನ ಹೆಸರು ಎತ್ತುವುದಿಲ್ಲವಂತೆ. ಹಾಗಾಗುತ್ತದೆಂದು ನನಗೆ ಗೊತ್ತಿತ್ತು.

"ರೀಮ್‌ಗಳು ಚಪ್ಪರಕ್ಕೆ ಬಂದವಾ?" ಎಂದು ಕೇಳಿದೆ.

"ಇಲ್ಲ ಭಾಯಿ. ಜಾಗ ಖಾಲಿ ಇದೆ, ತೊಟ್ಟಿ ತುಂಬಿದೆ. ಅವು ಇನ್ನೂ ಗೋಡೆ ಹತ್ತಿರವೇ ನಿಂತಿವೆ."

"ಹಾಗಾದರೆ ಸದ್ಯಕ್ಕೆ ಹುಲ್ಲನ್ನು ಅಲ್ಲಿಗೇ ಹಾಕು," ಎಂದೆ.