ಲ್ಯಾಬಮ್ಮನ ಕೆಂಪು ಬೆರಳುಗಳು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಸದಾ ಒಂದು ಕೆಂಪು ಇರುತ್ತಿತ್ತು. ಮೊದಲ ದಿನ ಕಂಡಾಗ, ಕುಂಕುಮಾರ್ಚನೆ ಮುಗಿಸಿ ನೇರವಾಗಿ ಕೆಲಸಕ್ಕೆ ಬಂದಿದ್ದಾರೆಂದು ಭಾವಿಸಿ ಮನಸ್ಸಿನಲ್ಲೇ ನಮಸ್ಕರಿಸಿದ್ದೆ. ಅದು ಕ್ಷಯದ ಕ್ರಿಮಿಯನ್ನು ಕಾಣಲು ಹಚ್ಚುವ ಬಣ್ಣ, ಕೈಗವಸನ್ನೂ ದಾಟಿ ಇಳಿಯುತ್ತದೆ ಎಂದು ಆಮೇಲೆ ತಿಳಿಯಿತು. ಆ ನಮಸ್ಕಾರವನ್ನು ಹಿಂದೆ ಪಡೆಯಬೇಕೆಂದು ನನಗೆ ಎಂದೂ ಅನ್ನಿಸಿಲ್ಲ.

ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಮೈಸೂರಿನಿಂದ ವಿಶಾಖಪಟ್ಟಣಕ್ಕೆ ಬಂದು, ನಿವೃತ್ತಿಯ ನಂತರವೂ ಗಾಜುವಾಕದಲ್ಲೇ ನಿಂತವನು. ಅವರು ಬಳ್ಳಾರಿಯವರು. ಮದುವೆಯಾಗಿ ಈ ಊರಿಗೆ ಬಂದು, ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ತಲೆ ನರೆಯುವವರೆಗೆ ದುಡಿದವರು. ಎಲ್ಲರ ಬಾಯಲ್ಲೂ ಲ್ಯಾಬಮ್ಮ.

ನನ್ನ ಸಹಧರ್ಮಿಣಿಗೆ ಮೂರು ವಾರ ಜ್ವರ, ತಲೆನೋವು ಬಿಡಲಿಲ್ಲ. ಒಂದು ಬೆಳಿಗ್ಗೆ ನೈವೇದ್ಯ ಇಡುವುದನ್ನೇ ಮರೆತು, ನನ್ನನ್ನು ಯಾರೆಂದು ಕೇಳಿದಳು. ಮೆದುಳಿನ ಪೊರೆಗೆ ಕ್ಷಯ ತಗುಲಿರಬಹುದೆಂದು ಶಂಕಿಸಿದ ವೈದ್ಯರು ಬೆನ್ನಿನಿಂದ ನೀರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಫಲಿತಾಂಶಕ್ಕೆ ಕಾಯದೆ ಅಂದೇ ಗುಳಿಗೆ ಆರಂಭಿಸಿದರು.

ಲ್ಯಾಬಮ್ಮ ಒಂದೊಂದು ಗಾಜಿನ ಪಟ್ಟಿಯ ಮುಂದೆ ಅರ್ಧ ಗಂಟೆ ಕಣ್ಣು ನೆಟ್ಟು ಕೂರುವವರು. ಆ ಕೋಣೆಯಲ್ಲಿ ‘ಇಲ್ಲ’ ಎಂಬ ಮಾತನ್ನು ಯಾರೂ ಆಡಕೂಡದು; ‘ಸಿಗಲಿಲ್ಲ’ ಎನ್ನಬೇಕು. ನನ್ನನ್ನು ಕೂರಿಸಿಕೊಂಡು ತಿಳಿಯಹೇಳಿದರು.

“ಕಫದಾಗಾದ್ರೆ ಕ್ರಿಮಿ ಜಾಸ್ತಿ ಸ್ವಾಮಿ, ಸೂಕ್ಷ್ಮದರ್ಶಕದಾಗೇ ಸಿಗ್ತದ. ಈ ನೀರಾಗೆ ಬಲು ಕಮ್ಮಿ. ಕ್ರಿಮಿಯ ಜೀನ್ ಹುಡುಕೋ ಮಷೀನು ಎರಡು ತಾಸಿನಾಗೆ ಹೇಳ್ತದ. ಅದು ಹೌದು ಅಂದ್ರೆ ನಂಬ್ರಿ, ಸಿಗಲಿಲ್ಲ ಅಂದ್ರೆ ನಂಬಬ್ಯಾಡ್ರಿ. ಕ್ರಿಮೀನ ಬೆಳೆಸಿ ನೋಡೋ ಕಲ್ಚರು ಇನ್ನೂ ಗಟ್ಟಿ. ಆದ್ರೆ ಅದು ಬೆಳೆಯೋಕೆ ಆರು ವಾರ ಬೇಕಾದೀತು.”

“ಕಾಣದುದನ್ನು ಇದೆಯೆಂದು ಹೇಗಮ್ಮ ನಂಬಲಿ?”

“ಅಲ್ರೀ ಸ್ವಾಮಿ, ಈ ಊರ ಬೆಟ್ಟದ ದೇವರು, ನಮ್ಮ ಸಿಂಹಾದ್ರಿ ಅಪ್ಪನ್ನ, ವರ್ಷ ಪೂರ್ತಿ ಚಂದನದ ಲೇಪದೊಳಗೇ ಇರ್ತಾನ. ಮೈ ಕಾಣಲ್ಲಂತ ದೇವರೇ ಇಲ್ಲ ಅಂತೀರೇನು?” ಎಂದವರು ತಕ್ಷಣ ನಾಲಿಗೆ ಕಚ್ಚಿಕೊಂಡು, “ಕ್ರಿಮೀನ ದೇವರಿಗೆ ಹೋಲಿಸಿದೆ, ನರಕಕ್ಕೆ ನನಗೊಂದು ಸೀಟು ಹಿಡೀರಿ,” ಎಂದು ನಕ್ಕರು.

ಮೊದಲೆರಡು ಪರೀಕ್ಷೆಗಳಲ್ಲೂ ಏನೂ ಸಿಗಲಿಲ್ಲ. ನಾನು ಆ ವರದಿಯ ಕಾಗದವನ್ನು ದೇವರ ಮುಂದಿಟ್ಟು ತುಳಸಿ ಏರಿಸಿದೆ. ಗುಳಿಗೆ ನುಂಗಿದರೆ ಅವಳಿಗೆ ತೀರ್ಥವೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಇಲ್ಲದ ರೋಗಕ್ಕೆ ಈ ವಿಷವೇಕೆ ಎಂದುಕೊಂಡು, ವೈದ್ಯರು ಬೇಡವೆಂದರೂ ಐದನೆಯ ದಿನ ಅವಳನ್ನು ಆಸ್ಪತ್ರೆಯಿಂದ ಬಿಡಿಸಿಕೊಂಡು ವಿಜಯವಾಡದ ಮಗಳ ಮನೆಗೆ ಕರೆದೊಯ್ದೆ. ಗುಳಿಗೆ ನಿಲ್ಲಿಸಿದವನು ನಾನೇ. ಎರಡು ದಿನ ವಾಂತಿಯಿಲ್ಲದೆ ಗಂಜಿ ಕುಡಿದಳು, ಸ್ವಾಮಿಯ ಕೃಪೆಯೆಂದೆ.

ಲ್ಯಾಬಮ್ಮ ದೂರವಾಣಿಯಲ್ಲಿ ಕೇಳಿದರು: “ಗುಳಿಗೆ ನಡೆದಾವಲ್ರೀ ಸ್ವಾಮಿ?”

“ನಡೆದಿವೆಯಮ್ಮ,” ಎಂದೆ. ತ್ರಿಕಾಲ ಸಂಧ್ಯೆ ಮಾಡುವ ನಾಲಿಗೆ, ತೊದಲಲೂ ಇಲ್ಲ.

ಹನ್ನೆರಡನೆಯ ದಿನ ಅವಳಿಗೆ ಎಚ್ಚರ ತಪ್ಪಿತು. ಅಲ್ಲಿನ ವೈದ್ಯರು ಮತ್ತೆ ಗುಳಿಗೆಯನ್ನು ಅರೆದು ಮೂಗಿನ ನಳಿಕೆಯಲ್ಲಿ ಇಳಿಸಿದರು. ಕಾಲ ಮೀರಿತ್ತು. ಕೃಷ್ಣೆಯ ದಡದಲ್ಲಿ ಕರ್ಮ ಮುಗಿಸಿ ಒಬ್ಬನೇ ಗಾಜುವಾಕಕ್ಕೆ ಮರಳಿದೆ.

ಐದನೆಯ ವಾರ ಲ್ಯಾಬಮ್ಮ ತಾವೇ ಬಸ್ಸು ಹತ್ತಿ ಮನೆಗೆ ಬಂದರು. ಕಲ್ಚರಿನಲ್ಲಿ ಕ್ರಿಮಿ ಬೆಳೆದಿತ್ತು. ತುಳಸಿ ಒಣಗಿ ಅಂಟಿದ್ದ ಹಳೆಯ ಕಾಗದ ದೇವರ ಮುಂದೆ ಇನ್ನೂ ಇತ್ತು. ಅವರು ಅದನ್ನು ನೋಡಿದರು. “ನೀರು ಇನ್ನೊಂದೀಟು ಕೇಳಿ ತರಿಸಬೇಕಿತ್ತು ನಾನು. ಮಷೀನಿಗೆ ಸಿಕ್ಕಿರೋದೇನೋ,” ಎಂದು ಕೆಂಪು ಬೆರಳುಗಳನ್ನು ಸೆರಗಿನಲ್ಲಿ ಒರೆಸಿಕೊಂಡರು.

ಔಷಧಿಗೆ ಬಗ್ಗದ ಕ್ರಿಮಿ ಇರಬೇಕೆಂದು ಊಹಿಸಿ ಆ ಪರೀಕ್ಷೆಯನ್ನೂ ನಡೆಸಿದರು. ಎರಡು ವಾರಗಳ ಬಳಿಕ ಮತ್ತೆ ಅವರ ಕರೆ ಬಂತು. “ಎಲ್ಲಾ ಗುಳಿಗೆಗೂ ಸಾಯೋ ಕ್ರಿಮಿ ಸ್ವಾಮಿ. ಮೊದಲ ದಿನದಿಂದ ಗುಳಿಗೆ ನಡೆದಿದ್ವು. ಆದರೂ ಅಮ್ಮಾವರು ಯಾಕೆ ಹೋದ್ರೋ, ನನಗೆ ತಿಳೀವಲ್ದು.”

ನಾನು ಹೇಳಬಹುದಾಗಿತ್ತು. ಭಗವದಿಚ್ಛೆ ಎಂದೆ.

ಹೇಳಿಬಿಡಬೇಕೆಂದು ಎರಡು ಬಾರಿ ಆ ಆಸ್ಪತ್ರೆಯ ಮೆಟ್ಟಿಲವರೆಗೆ ಹೋಗಿ ಹಿಂತಿರುಗಿದೆ. ಕಳೆದ ಕಾರ್ತಿಕದಲ್ಲಿ ಹೃದಯ ನಿಂತು ಅವರು ತೀರಿಕೊಂಡರು. ಅಂತಿಮ ದರ್ಶನಕ್ಕೆ ಹೋದಾಗ ಯಾರೋ ಅವರ ಕೈಗಳಿಗೆ ಅರಿಶಿನ ಹಚ್ಚಿದ್ದರು, ಕೆಂಪು ಕಾಣಲಿಲ್ಲ. ಅವರ ಮಗ, ಕನ್ನಡ ತಡವರಿಸುವ ನಡುವಯಸ್ಸಿನವರು, ನನ್ನನ್ನು ಗುರುತಿಸಿದರು.

“ಅಮ್ಮ ನಿಮ್ಮ ಮನೆಯವರ ಕೇಸು ಎಪ್ಪುಡೂ, ಯಾವಾಗ್ಲೂ ಹೇಳ್ತಿದ್ರಂಡಿ. ‘ಎಲ್ಲಿ ತಪ್ಪಿದೆನೋ’ ಅಂತ. ಮೊನ್ನೆ ಕೂಡ.”

ನಾನು ಆ ಪಾದಗಳಿಗೆ ಕೈಮುಗಿದು ನಿಂತೆ. ಆಗಲೂ ಹೇಳಲಿಲ್ಲ.