ಕೆಂಪು ಪೆನ್ನಿನ ಸರಿ ಗುರುತು

ಕೆಂಪು ಪೆನ್ನಿಗೊಂದು ದುರ್ಗುಣವಿದೆ: ಅದನ್ನು ಜೇಬಿನಲ್ಲಿಟ್ಟುಕೊಂಡವನಿಗೆ ತಾನು ತಪ್ಪು ಮಾಡುವ ಜಾತಿಯವನೇ ಅಲ್ಲ ಎಂಬ ಭ್ರಮೆ ಹುಟ್ಟಿಬಿಡುತ್ತದೆ. ಹೊಸನಗರದ ಕಡೆಯ ಕಾಲೇಜೊಂದರಲ್ಲಿ ಬಹುಕಾಲದಿಂದ ರಸಾಯನಶಾಸ್ತ್ರ ಪಾಠ ಹೇಳುತ್ತಿರುವ ನನ್ನ ಜೇಬಿನಲ್ಲಿ ಸದಾ ಎರಡಿರುತ್ತವೆ. ಭ್ರಮೆಯ ಪ್ರಮಾಣವನ್ನು ನೀವೇ ಅಂದಾಜು ಮಾಡಿಕೊಳ್ಳಿ.

ಈ ಪೆನ್ನಿನ ಮುಖ್ಯ ಆಹಾರ ಪ್ರಯೋಗದ ರೆಕಾರ್ಡ್ ಪುಸ್ತಕ. ಹಿಂದಿನ ವರ್ಷದವರ ರೆಕಾರ್ಡನ್ನು ಎದುರಿಗಿಟ್ಟುಕೊಂಡು, ಅದರಲ್ಲಿನ ಇಂಗ್ಲಿಷ್ ಮುನ್ನೆಚ್ಚರಿಕೆಗಳನ್ನು ಮುತ್ತಿನಂಥ ಅಕ್ಷರಗಳಲ್ಲಿ ನಕಲಿಳಿಸುವುದು ನಮ್ಮಲ್ಲಿನ ಸಂಪ್ರದಾಯ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿ ಬಂದ ಮಕ್ಕಳು ಅದನ್ನು ಬರೆಯುತ್ತಾರೆಯೇ ಹೊರತು ಓದುವುದಿಲ್ಲ. ನಾನು ಸರಿ ಗುರುತು ಹಾಕುತ್ತೇನೆಯೇ ಹೊರತು ಓದುವುದಿಲ್ಲ.

ಈ ವರ್ಷ ಸುಮಾ ಎಂಬ ಹುಡುಗಿ ಬೀಕರಿನಲ್ಲಿದ್ದ ಗಾಢ ಆಸಿಡ್ಡಿಗೆ ನೀರು ಹುಯ್ದಳು. ಅದು ಕುದಿದು ಸಿಡಿಯಿತು. ಮುಂಗೈ ಸುಟ್ಟಿತು, ಒಂದು ಹನಿ ಕಣ್ಣಿನ ರೆಪ್ಪೆಗೂ ಬಿತ್ತು. ನಲ್ಲಿಯ ನೀರಿನಲ್ಲಿ ಬಹಳ ಹೊತ್ತು ತೊಳೆಸಿ ಸಾಗರದ ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯುದ್ದಕ್ಕೂ ನಾನು "ಕಣ್ಣು ಕಾಣ್ತಿದೆಯೇನಮ್ಮಾ?" ಎನ್ನುತ್ತಿದ್ದೆ, ಅವಳು "ಬೈಬೇಡಿ ಸಾರ್" ಎನ್ನುತ್ತಿದ್ದಳು. ಕಣ್ಣಿಗಿಂತ ನನ್ನ ಬೈಗುಳದ ಚಿಂತೆ! ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಪುಣ್ಯಕ್ಕೆ ಕಣ್ಣು ಉಳಿಯಿತು.

ಆಸ್ಪತ್ರೆಗೆ ಬಂದ ಅವಳ ಅಪ್ಪ ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. "ಅಡಿಕೆ ಕೊಳೆರೋಗಕ್ಕೆ ಔಷಧಿ ಕಲ್ಸುವಾಗ ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಹುಯ್ಬೇಕು, ಸುಣ್ಣನ ತುತ್ತಕ್ಕೆ ಹುಯ್ಬಾರ್ದು ಅಂತ ಆಳುಗಳಿಗೆ ಇವ್ಳೇ ಹೇಳ್ಕೊಡೋದು ಸಾರ್. ಒಂದ್ಸಲನೂ ತಪ್ಪಿಲ್ಲ. ನೀವು ಇದನ್ನ ಅವ್ಳಿಗೆ ಹೇಳಿರ್ಲಿಲ್ವಾ?"

ಹೇಳಿದ್ದೆ, ಇಂಗ್ಲಿಷಿನಲ್ಲಿ. ಪ್ರಿನ್ಸಿಪಾಲರಂತೂ "ಸೂಚನೆ ಗೋಡೆ ಮೇಲಿದೆ, ಓದಿದ್ದೇನೆ ಅಂತ ಕಾಗದದಲ್ಲಿ ಅವಳ ಸಹಿ ಇದೆ, ನಮ್ಮ ತಪ್ಪೇನ್ರೀ?" ಎಂದು ಕೈತೊಳೆದುಕೊಂಡರು. ಅರ್ಥವಾಗದ ಕಾಗದಕ್ಕೆ ಮಕ್ಕಳಿಂದ ಸಹಿ ಹಾಕಿಸಿಕೊಳ್ಳುವುದು ಯಾವ ಸೀಮೆಯ ನ್ಯಾಯ ಸ್ವಾಮಿ? ಅದೇ ಲ್ಯಾಬಿನ ಬಾಗಿಲಲ್ಲಿ "ಚಪ್ಪಲಿ ಹೊರಗೆ ಬಿಡಿ" ಎಂದು ಅಚ್ಚಗನ್ನಡದಲ್ಲಿ ಬರೆಸಿದ್ದೇವೆ! ಬರಿಗಾಲಲ್ಲಿ ಆಸಿಡ್ಡಿನ ಮುಂದೆ ನಿಲ್ಲಿಸಲು ನಮಗೆ ಕನ್ನಡ ಬರುತ್ತದೆ, ಕಣ್ಣು ಉಳಿಸಲು ಬರುವುದಿಲ್ಲ. ಸುಮಾಳ ರೆಕಾರ್ಡ್ ತೆರೆದು ನೋಡಿದೆ. ಆಸಿಡ್ಡಿಗೆ ನೀರು ಹಾಕಬಾರದೆಂಬ ವಾಕ್ಯ ಅಲ್ಲಿತ್ತು, ಪಕ್ಕದಲ್ಲಿ ನನ್ನ ಕೆಂಪು ಸರಿ ಗುರುತೂ ಇತ್ತು.

ಆ ಸಿಟ್ಟಿನಲ್ಲೇ ಕೂತು ಕನ್ನಡದಲ್ಲೊಂದು ಸೂಚನೆ ಬರೆದೆ: "ಸಾಂದ್ರ ಆಮ್ಲವನ್ನು ಜಲದಲ್ಲಿ ಕ್ರಮೇಣ ವಿಲೀನಗೊಳಿಸತಕ್ಕದ್ದು, ತದ್ವಿರುದ್ಧ ಕ್ರಮವು ನಿಷಿದ್ಧ." ಕೈಗೆ ಪಟ್ಟಿ ಕಟ್ಟಿಕೊಂಡೇ ಕಾಲೇಜಿಗೆ ಬಂದ ಸುಮಾಳಿಗೆ ಹೆಮ್ಮೆಯಿಂದ ತೋರಿಸಿದೆ. ಎರಡು ಸಲ ಓದಿ, "ಇದೂ ಅರ್ಥ ಆಗಲ್ಲ ಸಾರ್" ಎಂದಳು.

ನಾನು ಜೇಬಿನಿಂದ ಕೆಂಪು ಪೆನ್ನು ತೆಗೆದು ಅವಳಿಗೆ ಕೊಟ್ಟೆ. ನನ್ನ ವಾಕ್ಯಕ್ಕೆ ಅಡ್ಡಗೆರೆ ಎಳೆದು, ನೋಯುವ ಕೈಯಲ್ಲಿ ಸೊಟ್ಟಸೊಟ್ಟಗೆ ಬರೆದಳು: "ನೀರಿಗೆ ಆಸಿಡ್ ಹಾಕಿ. ಆಸಿಡ್‌ಗೆ ನೀರು ಹಾಕಬೇಡಿ. ಸಿಡಿಯುತ್ತೆ."