ಕೋಡಿಹಳ್ಳದ ಕಾವಲು: ಶ್ರೀಮತಿ ದೇವಿಕಾ ಅವರ ಮೂವತ್ತೆರಡು ವರ್ಷ

ತುಂಗಭದ್ರೆಯ ಈ ಸೀಮೆಯಲ್ಲಿ ಕೆರೆ, ಕಾಲುವೆ, ಹಳ್ಳಗಳ ಕುರಿತು ಬರೆದವರಿಗೆ ಕೊರತೆಯಿಲ್ಲ. ಇತಿಹಾಸಕಾರರು ಅವುಗಳನ್ನು ಕಟ್ಟಿಸಿದ ಅರಸರ ಬಗ್ಗೆ ಬರೆದಿದ್ದಾರೆ, ಎಂಜಿನಿಯರುಗಳು ಏರಿ ತೂಬುಗಳ ಬಗ್ಗೆ ಬರೆದಿದ್ದಾರೆ. ಆದರೆ ಒಂದು ಕೆರೆಯ ಅಂಗಳ ಎಲ್ಲಿ ಮುಗಿಯುತ್ತದೆ, ಅದು ತುಂಬಿದಾಗ ಕೋಡಿಯ ನೀರು ಯಾರ ಹೊಲದ ಮಗ್ಗುಲಿಂದ ಹಾದುಹೋಗುತ್ತದೆ ಎಂಬುದನ್ನು ಕಾಲ್ನಡಿಗೆಯಲ್ಲಿ ತಿಳಿದುಕೊಂಡು, ತಿಳಿದದ್ದನ್ನು ಕಡತದಲ್ಲಿ ಬರೆದು, ಬರೆದದ್ದಕ್ಕೆ ಬದ್ಧರಾಗಿ ನಿಂತ ಪಂಚಾಯಿತಿ ಅಧಿಕಾರಿಗಳು ಬಹಳ ಕಡಿಮೆ. ಅಂಥವರಲ್ಲಿ ಒಬ್ಬರೂ ನನ್ನ ಹಿರಿಯ ಅಧಿಕಾರಿಗಳೂ ಆಗಿದ್ದ ಶ್ರೀಮತಿ ಎಚ್. ದೇವಿಕಾ ಅವರು ೨೦೨೫ರ ಮೇ ತಿಂಗಳ ಕೊನೆಯ ದಿನ ಸೇವೆಯಿಂದ ನಿವೃತ್ತರಾದರು. ಅವರ ಅಭಿನಂದನ ಸಂಪುಟಕ್ಕೆ ಬರೆಯುವ ಯೋಗ್ಯತೆ ನನಗಿದೆಯೆಂದು ನಾನು ನಂಬಿಲ್ಲ. ಅವರು ಆರು ವರ್ಷ ಕಾಪಾಡಿದ್ದನ್ನು ಒಂದೇ ಸಹಿಯಿಂದ ಕಳೆದವನು ನಾನು. ಇದನ್ನು ಸಂಪಾದಕರಿಗೆ ಹೇಳಿದೆ. ಅವರು ಮೇಡಂ ಅವರನ್ನೇ ಕೇಳಿದರಂತೆ. “ಕನಕರಾಜ್ ಬರೀಲಿ. ಆಗಿದ್ದು ಆದಂಗ ಬರೀಲಿ” ಎಂದು ಉತ್ತರ ಬಂತು.

ದೇವಿಕಾ ಮೇಡಂ ಹುಟ್ಟಿದ್ದು ಕಂಪ್ಲಿಯಲ್ಲಿ. ತಂದೆ ಅಂಜಿನಯ್ಯನವರು ನದಿಯ ಪಕ್ಕದಲ್ಲಿ ಭತ್ತ ಬೆಳೆಯುತ್ತಿದ್ದವರು. ೧೯೯೩ರಲ್ಲಿ ಅದೇ ಭಾಗದ ಸಣ್ಣ ಪಂಚಾಯಿತಿಯೊಂದರ ಕಾರ್ಯದರ್ಶಿಯಾಗಿ ಸೇವೆಗೆ ಸೇರಿದಾಗ, ಆ ಕಚೇರಿಯಲ್ಲಿ ಹೆಣ್ಣುಮಕ್ಕಳಿಗೆಂದು ಒಂದು ಕುರ್ಚಿಯೂ ಇರಲಿಲ್ಲವೆಂದು ಅವರು ಒಮ್ಮೆ ನಗುತ್ತ ಹೇಳಿದ್ದುಂಟು. ಕೆಲವು ವರ್ಷಗಳ ನಂತರ ಅವರಿಗೆ ಸಂಡೂರು ತಾಲ್ಲೂಕಿಗೆ, ವಡ್ಡುವಿನ ಆಸುಪಾಸಿಗೆ ವರ್ಗವಾಯಿತು. ಗಣಿಗಾರಿಕೆ ಜೋರಾಗಿದ್ದ ಕಾಲವದು. ಮಳೆ ಬಂದರೆ ಗುಡ್ಡದ ಮಣ್ಣು ಇಳಿದು ಹಳ್ಳದ ನೀರು ಕುಂಕುಮ ಕಲಸಿದಂತೆ ಹರಿಯುತ್ತಿತ್ತು, ಅದೇ ನೀರನ್ನು ದನಗಳು ಕುಡಿಯುತ್ತಿದ್ದವು. ಮೇಡಂ ಬರೆದ ಪತ್ರಗಳಿಗೆ ಮೇಲಿನಿಂದ ಉತ್ತರ ಬರಲಿಲ್ಲ. ಆಗ ಅವರು ಪ್ರತಿ ಸೋಮವಾರದ ಟಪಾಲಿನ ಜೊತೆ ಆ ನೀರಿನ ಒಂದು ಬಾಟಲಿಯನ್ನು, ದಿನಾಂಕ ಬರೆದು, ಮೊಹರು ಹಾಕಿ ಕಳಿಸತೊಡಗಿದರು. ಮೊದಮೊದಲು ಎಲ್ಲರೂ ನಕ್ಕರು. ಹನ್ನೊಂದನೆಯ ಬಾಟಲಿ ತಲುಪಿದ ಮೇಲೆ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದು ಹಳ್ಳವನ್ನು ನೋಡಿ ಹೋದರು. ಒಂದು ತಡೆಗೋಡೆ ಕಟ್ಟಲಾಯಿತು. ಅದು ಎರಡನೆಯ ಮಳೆಗಾಲಕ್ಕೆ ಒಡೆಯಿತು.

ನಾನು ಅವರನ್ನು ಕಂಡಿದ್ದು ೨೦೧೨ರಲ್ಲಿ. ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವಾಗ ಮಲಪನಗುಡಿ ದಾಟಿ ಒಳಕ್ಕೆ ತಿರುಗಿದರೆ ಸಿಗುವ ಹುಣಸೆಗುಂಡಿ ಪಂಚಾಯಿತಿಗೆ ಅವರು ಅಭಿವೃದ್ಧಿ ಅಧಿಕಾರಿಯಾಗಿ ಬಂದರು. ನಾನು ಅಲ್ಲಿ ಹೊಸದಾಗಿ ಸೇರಿದ ಕಾರ್ಯದರ್ಶಿ. ಊರಿನ ಕೆರೆ ದಾಖಲೆಯಲ್ಲಿ ಎಂಬತ್ನಾಲ್ಕು ಎಕರೆ. ಕೋಡಿಯಿಂದ ಹೊರಟ ಹಳ್ಳವು ಬಾಳೆತೋಟಗಳ ನಡುವೆ ಒಂದೂವರೆ ಮೈಲಿ ಹರಿದು ಕಾಲುವೆ ಸೇರುತ್ತಿತ್ತು. ಗ್ರಾಮನಕ್ಷೆ ಓದಲು ನನಗೆ ಬರುತ್ತಿರಲಿಲ್ಲ, ಬರುವುದಿಲ್ಲವೆಂದು ಹೇಳಲು ನಾಚಿಕೆ. ಒಂದು ದಿನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದನ್ನು ಮೇಡಂ ನೋಡಿದರು. ಯಾರ ಮುಂದೆಯೂ ಏನೂ ಅನ್ನಲಿಲ್ಲ. ಮುಂದಿನ ಶನಿವಾರ ಕಚೇರಿ ಮುಗಿದ ಮೇಲೆ, “ನಡೀರಿ, ಕೆರಿ ನೋಡ್ಕೊಂಡು ಬರೂಣು” ಎಂದು ಕರೆದೊಯ್ದರು. ಹಾಗೆ ಹದಿನೇಳು ಶನಿವಾರ ನಡೆದೆವು. ಜೊತೆಗೆ ಊರಿನ ನೀರುಗಂಟಿ ಗಾಳೆಪ್ಪ ಬರುತ್ತಿದ್ದರು. ತೂಬು ಎತ್ತಿ ಇಳಿಸುವ ಆ ಕೆಲಸ ಅವರ ಮನೆತನದಲ್ಲಿ ಅಜ್ಜನ ಕಾಲದಿಂದ ಬಂದದ್ದು.

“ಇಲ್ಲಿ ಹುಲ್ಲು ಬ್ಯಾರೆ ಐತಿ ನೋಡ್ರಿ” ಎಂದು ಗಾಳೆಪ್ಪ ಕೋಲಿನಿಂದ ತೋರಿಸುತ್ತಿದ್ದರು. “ಬ್ಯಾಸಿಗ್ಯಾಗೂ ಹಸರ ಇರ್ತೈತಿ. ಮ್ಯಾಲ ನೀರು ಕಾಣದಿದ್ರೂ ಹಳ್ಳ ಇಲ್ಲೇ ಐತಿ.”

ಅವರು ತೋರಿಸಿದಲ್ಲೆಲ್ಲ ಮೇಡಂ ಭೂಮಾಪಕರನ್ನು ಕರೆಸಿ ಅಳತೆ ಮಾಡಿಸಿ ಕಲ್ಲು ನೆಡಿಸಿದರು. ಕೆರೆಯಂಗಳದಲ್ಲಿ ಜಂಬವ್ವನೆಂಬ ಒಂಟಿ ಹೆಂಗಸು ಜೋಳ ಬಿತ್ತಿದ್ದಳು. ತೆರವಿಗೆ ಹೋದ ದಿನ ಆಕೆ ಹೊಲದ ನಡುವೆ ಕುಳಿತುಬಿಟ್ಟಳು. “ತೆನಿ ಹಾಲು ಹಿಡದೈತವ್ವ. ಈಗ ಕೀಳಬ್ಯಾಡ್ರಿ” ಎಂದಳು. ಮೇಡಂ ಬಂದ ಯಂತ್ರವನ್ನು ವಾಪಸು ಕಳಿಸಿದರು. “ರಾಶಿ ಆಗೂತನ ಇರ್ಲಿ. ಮುಂದಿನ ಸಲ ಬಿತ್ತಬ್ಯಾಡ್ರಿ, ಅಷ್ಟ” ಎಂದರು. ರಾಶಿಯಾದ ಮೇಲೆ ಜಂಬವ್ವ ತಾನಾಗಿಯೇ ಅಂಗಳ ಬಿಟ್ಟಳು. ಮೇಡಂ ಆಕೆಗೆ ಅಂಗನವಾಡಿಯಲ್ಲಿ ಅಡುಗೆಯ ಕೆಲಸ ಕೊಡಿಸಲು ನಾಲ್ಕು ಬಾರಿ ತಾಲ್ಲೂಕು ಕಚೇರಿಗೆ ಅಲೆದರು. ನನಗೆ ಕಾಮಾಲೆಯಾಗಿ ಎರಡು ತಿಂಗಳು ಮಲಗಿದಾಗ ನನ್ನ ಮೇಜಿನ ಕೆಲಸವನ್ನೂ ತಾವೇ ಮಾಡಿದರು. ನಾನು ಹಿಂದಿರುಗಿದ ದಿನ ಬಾಕಿ ಉಳಿದ ಒಂದು ಕಾಗದವೂ ಇರಲಿಲ್ಲ.

ಬಡಾವಣೆಯ ಅರ್ಜಿ ಮೊದಲು ಬಂದದ್ದು ೨೦೧೫ರಲ್ಲಿ. ಉಕ್ಕಿನ ಕಾರ್ಖಾನೆಗಳಿಗೆ ದುಡಿಯಲು ಹೋಗುವವರಿಗೆ ಹೊಸಪೇಟೆಯ ಸುತ್ತ ನಿವೇಶನ ಬೇಕಿತ್ತು. ಕೋಡಿಹಳ್ಳದ ಎರಡೂ ದಂಡೆಯ ಹೊಲಗಳನ್ನು ಕೊಂಡವರು ನಡುವಿನ ಹಳ್ಳವನ್ನೂ ಮುಚ್ಚಿ ಒಂದೇ ಬಯಲು ಮಾಡಲು ಹೊರಟಿದ್ದರು. ಬಡಾವಣೆಗೆ ಅನುಮತಿ ಕೊಡುವ ಕಚೇರಿಗಳು ಬೇರೆಯಾದರೂ, ಸ್ಥಳದಲ್ಲಿ ಹಳ್ಳವಿಲ್ಲವೆಂಬ ವರದಿ ಪಂಚಾಯಿತಿಯಿಂದಲೇ ಹೋಗಬೇಕು. ಮೇಡಂ ಮೂರು ಬಾರಿ ನಿರಾಕರಿಸಿ ಬರೆದರು. ಗ್ರಾಮಸಭೆಯಲ್ಲಿ ಠರಾವು ಮಾಡಿಸಿದರು. ಅವರ ಸ್ಕೂಟರಿನ ಚಕ್ರಗಳನ್ನು ಯಾರೋ ಕೊಯ್ದರು. ಸುಳ್ಳು ದೂರಿನ ಮೇಲೆ ಎರಡು ವಿಚಾರಣೆಗಳು ನಡೆದು ಎರಡೂ ಬಿದ್ದುಹೋದವು. ೨೦೧೮ರಲ್ಲಿ ಒಂದೇ ಸಾಲಿನ ಆದೇಶ ಬಂದು ಅವರನ್ನು ಸಂಡೂರಿನ ಕಚೇರಿಯೊಂದಕ್ಕೆ, ಯಾವ ಕೆರೆಯ ಕಡತವೂ ಬಾರದ ಮೇಜಿಗೆ ಕಳಿಸಿತು.

ಅಧಿಕಾರ ಹಸ್ತಾಂತರದ ದಿನ ಪ್ರಭಾರ ನನಗೆ ಬಂತು. ಬೀಗದ ಕೈ ಕೊಡುತ್ತ ಮೇಡಂ ಹೇಳಿದರು: “ಆ ಫೈಲು ನಿಮ್ಮ ಮುಂದ ಬರ್ತೈತಿ, ಕನಕರಾಜ್. ಬಂದಾಗ ಗಾಳೆಪ್ಪನ್ನ ಕರ್ಕೊಂಡು ಒಂದ್ಸಲ ಜಾಗಕ್ಕ ಹೋಗ್ರಿ. ಆಮ್ಯಾಲ ಏನ್ ಬರೀಬೇಕೋ ನೀವ ಬರೀರಿ.”

ನಾನು ಹೋಗಲಿಲ್ಲ. ನನ್ನನ್ನು ಯಾರೂ ಹೊಡೆಯಲಿಲ್ಲ, ಕಟ್ಟಿಹಾಕಲಿಲ್ಲ. ಬಿಸಿಲಿನ ಒಂದು ಮಧ್ಯಾಹ್ನ ಬಡಾವಣೆಯವರ ಕಡೆಯ ಮೂವರು ಬಂದರು, ಚಹಾ ತರಿಸಿದರು, ದೂರದ ತಾಲ್ಲೂಕಿಗೆ ವರ್ಗವಾದರೆ ನನ್ನ ಮಗಳ ಶಾಲೆಗೆ ತೊಂದರೆಯಾಗಬಹುದೆಂದು ಬಹಳ ಮರ್ಯಾದೆಯಿಂದ ಮಾತನಾಡಿದರು. ಇಪ್ಪತ್ತು ನಿಮಿಷ ಸಾಕಾಯಿತು. “ಸ್ಥಳ ಪರಿಶೀಲಿಸಲಾಗಿದೆ, ಯಾವುದೇ ಹಳ್ಳ ಕಂಡುಬಂದಿರುವುದಿಲ್ಲ” ಎಂದು ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ಹದಿನೇಳು ಶನಿವಾರ ನಾನು ನಡೆದ ಹಳ್ಳವದು.

ಮರುವರ್ಷ ನಿವೇಶನ ಕೊಳ್ಳಲು ಬಂದವರಲ್ಲಿ ಮುರುಗೇಶ್ ಒಬ್ಬರು. ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುತ್ತಿದ್ದರು. ಎಚ್ಚರದ ಮನುಷ್ಯ. ಕೈಯಲ್ಲಿ ನನ್ನ ವರದಿಯ ನಕಲು ಹಿಡಿದು ಕಚೇರಿಗೆ ಬಂದು ಕೇಳಿದರು.

“ಸರ್, ಇದು ನಿಮ್ಮ ಸಹಿನ ಅಲ್ರಿ? ನೀರಿಂದು ಏನ್ ತ್ರಾಸ ಇಲ್ಲಲ್ರಿ? ನಮ್ಮವ್ವಗ ನಡಿಯಾಕ ಬರಂಗಿಲ್ಲ, ಅದಕ್ಕ ಕೇಳಿದೆ.”

“ಏನಿಲ್ರಿ. ಎಲ್ಲಾ ಕ್ಲಿಯರ್ ಐತಿ” ಎಂದೆ.

೨೦೨೨ರ ಹಿಂಗಾರಿನಲ್ಲಿ ಮೂರು ದಿನ ಮಳೆ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ಕೆರೆ ಕೋಡಿ ಬಿತ್ತು. ಹೊರಟ ನೀರಿಗೆ ಹಳ್ಳ ಸಿಗಲಿಲ್ಲ, ಬಡಾವಣೆಯ ಮೇಲ್ಭಾಗದ ಕಾಂಪೌಂಡ್ ಗೋಡೆಗೆ ಆತು ನಿಂತಿತು. ನಾಲ್ಕು ಗಂಟೆಯ ಸುಮಾರಿಗೆ ಗೋಡೆ ಉರುಳಿತು. ಕೆಳಸಾಲಿನ ಒಂಬತ್ತು ಮನೆಗಳಿಗೆ ಒಮ್ಮೆಲೇ ನೀರು ನುಗ್ಗಿತು. ಮುರುಗೇಶ್ ಪಾಳಿಯ ಮೇಲಿದ್ದರು. ಅವರ ಹೆಂಡತಿ ಲಲಿತಾ ಹೊರಗೆ ಬಂದಿದ್ದರಂತೆ. ಅತ್ತೆ ಉಚ್ಚೆಂಗಮ್ಮನನ್ನು ಎತ್ತಿ ತರಲು ಮತ್ತೆ ಒಳಗೆ ಹೋದರು.

ನಾವು ಹಗ್ಗ ಹಿಡಿದು ಓಡಿದಾಗ ಗಾಳೆಪ್ಪ ಅಲ್ಲಿದ್ದರು. ಎಲ್ಲರೂ ಬಡಾವಣೆಯ ರಸ್ತೆಗಳಲ್ಲಿ ಹುಡುಕುತ್ತಿದ್ದರು. ಅವರು ಮಾತ್ರ ಕೆಳಗಿನ ಹಳೆಯ ಮೋರಿಯ ಕಡೆ ಕೈತೋರಿಸಿ, “ಅಲ್ಲಿ ಹಳ್ಳ ತಿರುಗ್ತೈತಿ. ಅಲ್ಲಿ ನೋಡ್ರಿ” ಎಂದರು. ಅತ್ತೆ ಸೊಸೆ ಇಬ್ಬರ ದೇಹಗಳೂ ಅಲ್ಲೇ ಸಿಕ್ಕವು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಮೇಡಂ ಸಂಡೂರಿನಿಂದ ಬಂದರು. ಶಾಲೆಯ ಜಗುಲಿಯ ಮೇಲೆ ಮುರುಗೇಶ್ ಇನ್ನೂ ಕಾರ್ಖಾನೆಯ ಸಮವಸ್ತ್ರದಲ್ಲೇ ಕುಳಿತಿದ್ದರು. ಮೇಡಂ ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. “ಕಾಗದ ನೋಡೇ ತಗಂಡಿದ್ನಿರಿ ಮೇಡಂ” ಎಂದರು ಮುರುಗೇಶ್. “ಗೊತ್ತೈತಿ. ನಿಮ್ಮ ತಪ್ಪಲ್ಲ ಅದು” ಎಂದರು ಮೇಡಂ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಇಬ್ಬರೂ ನನ್ನತ್ತ ನೋಡಲಿಲ್ಲ.

ವಿಚಾರಣೆ ಶುರುವಾಗುವ ಮುನ್ನವೇ ಅದರ ಉತ್ತರ ಸಿದ್ಧವಾಗಿತ್ತು. ಅತಿವೃಷ್ಟಿ ಎಂಬ ಒಂದು ಶಬ್ದ. ಮೇಡಂ ಬರೆದ ಮೂರು ನಿರಾಕರಣೆಗಳಿದ್ದ ಕಡತ ದಾಖಲೆ ಕೊಠಡಿಯಲ್ಲಿ ಸಿಗುತ್ತಿಲ್ಲವೆಂದು ಬರೆಯುವಂತೆ ನನಗೆ ಸೂಚನೆ ಬಂತು. ಕಡತ ನನ್ನ ಕಪಾಟಿನಲ್ಲೇ ಇತ್ತು. ಒಂದು ಭಾನುವಾರ ಅದನ್ನು ಚೀಲದಲ್ಲಿಟ್ಟುಕೊಂಡು, ಮೇಡಂ ರಜೆಯ ದಿನಗಳಲ್ಲಿ ಬಂದಿರುತ್ತಿದ್ದ ಅವರ ಹೊಸಪೇಟೆಯ ಮನೆಗೆ ಹೋದೆ. ಅವರು ಬೈಯಲಿ ಎಂದು ಬಯಸಿದ್ದೆನೋ, ಕ್ಷಮಿಸಲಿ ಎಂದು ಬಯಸಿದ್ದೆನೋ, ಇಂದಿಗೂ ತಿಳಿಯದು. ಅವರು ಎರಡನ್ನೂ ಮಾಡಲಿಲ್ಲ. ಊಟಕ್ಕೆ ಬಡಿಸಿದರು. ಊಟವಾದ ಮೇಲೆ ಕಡತ ಬಿಚ್ಚಿ ತಮ್ಮ ಬರಹವನ್ನೂ ನನ್ನ ಬರಹವನ್ನೂ ಒಂದಾದ ಮೇಲೊಂದು ಓದಿದರು.

“ನಾ ಹೇಳಿದ್ರ, ಟ್ರಾನ್ಸ್‌ಫರ್ ಸಿಟ್ಟಿಗೆ ಹೇಳ್ತಾಳ ಅಂತಾರ. ನೀವು ಹೇಳಿದ್ರ ಹಂಗ ಅನ್ನಾಕ ಬರಂಗಿಲ್ಲ” ಎಂದರು.

“ನೌಕರಿ ಹೋಗ್ತೈತೇನ್ರಿ ಮೇಡಂ?”

“ಹೋದ್ರೂ ಹೋಗಬಹುದು. ಹೋಗಂಗಿಲ್ಲ ಅಂತ ನಿಮಗ ಸುಳ್ಳು ಹೇಳಂಗಿಲ್ಲ.” ಕಡತದ ದಾರ ಕಟ್ಟುತ್ತ, “ನಿಮಗ ನಕ್ಷೆ ಕಲಿಸಿದಾಕಿ ನಾನ. ನೀವು ಹಂಗ ಬರೆದಿದ್ದು ಕೇಳಿ ನಾನು ಎಂಟು ದಿನ ಸರಿಯಾಗಿ ಉಂಡಿಲ್ಲ” ಎಂದರು. ಹದಿಮೂರು ವರ್ಷಗಳಲ್ಲಿ ತಮ್ಮ ನೋವಿನ ಕುರಿತು ಅವರು ನನಗೆ ಹೇಳಿದ್ದು ಅಷ್ಟೇ.

ನಾನು ಕಡತವನ್ನು ವಿಚಾರಣಾಧಿಕಾರಿಗೆ ಒಪ್ಪಿಸಿ, ಸ್ಥಳಕ್ಕೆ ಹೋಗದೆ ಸುಳ್ಳು ವರದಿ ಬರೆದೆನೆಂದು ಹೇಳಿಕೆ ಕೊಟ್ಟೆ. ಹದಿನಾಲ್ಕು ತಿಂಗಳು ಅಮಾನತಿನಲ್ಲಿದ್ದೆ, ಆಮೇಲೆ ಹಿಂಬಡ್ತಿಯಾಗಿ ಟಪಾಲು ವಿಭಾಗಕ್ಕೆ ಬಂದೆ. ಅದು ಕಡಿಮೆ ಶಿಕ್ಷೆಯೆಂದೇ ನನ್ನ ಎಣಿಕೆ. ಅಮಾನತಿನ ದಿನಗಳಲ್ಲಿ ಕೆಲವು ಹಳೆಯ ಗೆಳೆಯರು ರಸ್ತೆಯಲ್ಲಿ ಮುಖ ತಿರುಗಿಸಿದರು. ನನ್ನ ಮೇಲೆ ಸಿಟ್ಟಾಗಲು ಎಲ್ಲರಿಗಿಂತ ಹೆಚ್ಚು ಹಕ್ಕಿದ್ದ ಮೇಡಂ ಮಾತ್ರ ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದು, ಬಾಗಿಲಲ್ಲೇ ನಿಂತು, “ಚಪ್ಪಲಿ ಹಾಕ್ಕೊರಿ” ಎನ್ನುತ್ತಿದ್ದರು. ಸುತ್ತಲಿನ ಊರುಗಳ ಕೋಡಿಹಳ್ಳಗಳನ್ನು ಅಳೆದು ಬರೆಯುವ ಕೆಲಸವನ್ನು ನಾವಿಬ್ಬರೂ ಹಾಗೆ ಆರಂಭಿಸಿದೆವು. ಇಲ್ಲಿಯವರೆಗೆ ಮೂವತ್ತೊಂದು ಹಳ್ಳಗಳಾಗಿವೆ. ಅವುಗಳಲ್ಲಿ ಹತ್ತೊಂಬತ್ತು ಕಡೆ ನಕ್ಷೆಯಲ್ಲಿರುವ ಗೆರೆ ನೆಲದ ಮೇಲಿಲ್ಲ.

ಅಭಿನಂದನೆಯ ಸಂಪುಟಗಳಲ್ಲಿ ಗೆಲುವಿನ ಮಾತು ಬರಬೇಕೆಂಬ ವಾಡಿಕೆಯುಂಟು. ಇಲ್ಲಿ ಹೇಳಲು ಸಿಗುವುದು ಸ್ವಲ್ಪವೇ. ಹನ್ನೆರಡು ನಿವೇಶನಗಳು ರದ್ದಾದವು, ಹಳ್ಳವನ್ನು ಅರ್ಧ ಅಗಲಕ್ಕೆ ತೆರೆಯಲಾಯಿತು, ಉಳಿದ ಅರ್ಧಕ್ಕೆ ತಡೆಯಾಜ್ಞೆಯಿದೆ. ಎಂಬತ್ನಾಲ್ಕು ಎಕರೆಯ ಕೆರೆ ಇಂದು ಅಳೆದರೆ ಅರವತ್ತೊಂದು. ಗಾಳೆಪ್ಪ ಕಳೆದ ವರ್ಷ ತೀರಿಕೊಂಡರು. ಬೀಳ್ಕೊಡುಗೆಯ ದಿನ ಯಾರೋ ಮೇಡಂ ಅವರನ್ನು ಕೆರೆ ಉಳಿಸಿದವರೆಂದು ಹೊಗಳಿದಾಗ ಅವರು ಮೈಕು ಕೇಳಿ ಪಡೆದು, “ಉಳಿದಿಲ್ರಿ. ಉಳಿದದ್ದಷ್ಟ ಉಳಿದೈತಿ” ಎಂದು ಹೇಳಿ ಕುಳಿತರು.

ಉಳಿದ ಅರ್ಧ ಹಳ್ಳದ ಮೊಕದ್ದಮೆ ಹೊಸಪೇಟೆಯ ನ್ಯಾಯಾಲಯದಲ್ಲಿ ಇನ್ನೂ ನಡೆದಿದೆ. ಅಧಿಕಾರ ಬಿಟ್ಟ ಮೇಲೂ ಮೇಡಂ ಒಂದು ವಾಯಿದೆಯನ್ನೂ ತಪ್ಪಿಸಿಲ್ಲ. ಈಗ ವಡ್ಡುವಿನಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇರುವ ಮುರುಗೇಶ್ ಕೂಡ ರಜೆ ಹಾಕಿ ಬರುತ್ತಾರೆ. ಸಾಕ್ಷಿದಾರನಾಗಿ ನಾನೂ ಹೋಗುತ್ತೇನೆ. ಕರೆಯುವವರೆಗೆ ವರಾಂಡದ ಒಂದೇ ಬೆಂಚಿನ ಮೇಲೆ ಮೂವರೂ ಕಾಯುತ್ತೇವೆ. ಮುರುಗೇಶ್ ನನ್ನೊಂದಿಗೆ ಮಾತನಾಡುವುದಿಲ್ಲ, ಮಾತನಾಡಬೇಕಾಗಿಯೂ ಇಲ್ಲ. ಒಂದು ಬದಿಗೆ ಅವರು, ಇನ್ನೊಂದು ಬದಿಗೆ ನಾನು, ನಡುವೆ ಮೇಡಂ. ಪೂಜ್ಯರಾದ ಶ್ರೀಮತಿ ದೇವಿಕಾ ಅವರಿಗೆ ದೀರ್ಘಾಯುಷ್ಯವೂ, ಇನ್ನೂ ಅಳೆಯದ ಹಳ್ಳಗಳನ್ನು ನಡೆಯುವಷ್ಟು ಕಾಲಿನ ಬಲವೂ ದೊರೆಯಲೆಂದು ಹಾರೈಸುತ್ತೇನೆ. ಈ ಮೊಕದ್ದಮೆ ಮುಗಿಯುವ ದಿನ ಎಷ್ಟೇ ದೂರವಿರಲಿ, ಅಂದೂ ಅವರು ಆ ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಕುಳಿತಿರಲಿ.